ಕಷಾಯ ಕುಡಿಯೋಣ, ಆದರೆ ನೋವಿನ ಹೆಸರು ತಿಳಿದುಕೊಂಡು

ಊರಿಗೆ ಹೋಗಿ ಬಂದವರು ಕಾರ್ಟನ್ ಬಿಚ್ಚುವಾಗ ರೂಮಿನವರೆಲ್ಲ ಸುತ್ತ ಸೇರುವುದು ನಮ್ಮಲ್ಲಿ ವಾಡಿಕೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಮೀನು, ಚಕ್ಕುಲಿ. ಇವುಗಳ ಜೊತೆ ಈಗೀಗ ತಪ್ಪದೇ ಬರುವ ಇನ್ನೊಂದು ಸಾಮಾನು ಗಂಟು ನೋವಿನ ಔಷಧಿ. ಒಬ್ಬರಿಗೆ ಎಣ್ಣೆ, ಇನ್ನೊಬ್ಬರಿಗೆ ಕಷಾಯದ ಪುಡಿ, ಮತ್ತೊಬ್ಬರಿಗೆ ಅರಶಿನದ ಮಾತ್ರೆ. ಹತ್ತಿಪ್ಪತ್ತು ವರ್ಷ ಮಂಡಿಯೂರಿ ಟೈಲ್ಸ್ ಹಾಕಿದವರು, ದಿನಾ ಏಣಿ ಹತ್ತಿಳಿದು ಎಸಿ ರಿಪೇರಿ ಮಾಡಿದವರು, ಹೋಟೆಲ್ ಅಡುಗೆಮನೆಯಲ್ಲಿ ನಿಂತೇ ದುಡಿದವರು. ಎಲ್ಲರಿಗೂ ಒಂದು ವಯಸ್ಸಿನ ನಂತರ ಮೊಣಕಾಲು, ಬೆರಳು, ಸೊಂಟ ತಕರಾರು ತೆಗೆಯುತ್ತವೆ.

ನಮ್ಮ ಶಾರ್ಜಾದ ರೂಮಿನಲ್ಲಿ ಒಬ್ಬ ಅಣ್ಣ ಇದ್ದಾರೆ, ಟೈಲ್ಸ್ ಮೇಸ್ತ್ರಿ. ಹೆಸರು ಹಾಕಬೇಡ, ಆದರೆ ಕಥೆ ಬರಿ ಅಂದಿದ್ದಾರೆ. ಮೂರು ವರ್ಷದ ಹಿಂದೆ ಅವರಿಗೆ ಎರಡೂ ಕೈಗಳ ಬೆರಳು ಬೆಳಿಗ್ಗೆ ಮಡಚಲು ಆಗುತ್ತಿರಲಿಲ್ಲ. ಐದು ಗಂಟೆಗೆ ಎದ್ದರೂ ಕರಣಿ ಹಿಡಿಯಲು ಎಂಟು ಗಂಟೆ ಆಗಬೇಕು. ಕ್ಲಿನಿಕ್‌ಗೆ ಹೋಗೋಣ ಅಂದರೆ, "ಬೇಡ ಮಾರಾಯ, ಕೈ ಹೋಯ್ತು ಅಂತ ಕಂಪನಿಗೆ ಗೊತ್ತಾದರೆ ಟಿಕೆಟ್ ಕೊಟ್ಟು ಕಳಿಸ್ತಾರೆ" ಅನ್ನುವ ಹೆದರಿಕೆ. ಊರಿಂದ ಯಾರೋ ಒಂದು ಪುಡಿ ತಂದುಕೊಟ್ಟರು. ಬಿಳಿ ಪ್ಲಾಸ್ಟಿಕ್ ಪ್ಯಾಕೆಟ್, ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಬಿಸಿನೀರಿಗೆ ಹಾಕಿ ದಿನಕ್ಕೆರಡು ಸಲ ಕುಡಿಯಬೇಕು. ನಾಲ್ಕೇ ದಿನದಲ್ಲಿ ನೋವು ಮಾಯ! "ಇದು ಇಂಗ್ಲಿಷ್ ಔಷಧಿ ಅಲ್ಲ, ಬರೀ ಬೇರು ಸೊಪ್ಪು" ಎಂದು ರೂಮಿಗೆಲ್ಲ ಹೇಳಿದರು. ಎಂಟು ತಿಂಗಳು ಕುಡಿದರು. ಮುಂದೇನಾಯಿತು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕಿಂತ ಮೊದಲು ನಾವೆಲ್ಲ ತಿಳಿದಿರಬೇಕಾದ ಕೆಲವು ವಿಷಯ.

ಗಂಟು ನೋವು ಒಂದೇ ಕಾಯಿಲೆ ಅಲ್ಲ

ಆರ್ಥ್ರೈಟಿಸ್ ಅನ್ನುವ ಒಂದು ಹೆಸರಿನಡಿ ನೂರಕ್ಕೂ ಹೆಚ್ಚು ಕಾಯಿಲೆಗಳಿವೆ. ನಮ್ಮವರಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು.

ಮೊದಲನೆಯದು ಸವೆತ, ಆಸ್ಟಿಯೋ ಆರ್ಥ್ರೈಟಿಸ್. ಕೀಲಿನೊಳಗಿನ ಮೃದ್ವಸ್ಥಿ ಸವೆದು ನೋವು ಬರುತ್ತದೆ. ಮೊಣಕಾಲು, ಸೊಂಟದ ಕೀಲು, ಹೆಬ್ಬೆರಳಿನ ಬುಡದಲ್ಲಿ ಜಾಸ್ತಿ. ಕೆಲಸ ಮಾಡಿದಷ್ಟೂ ನೋವು, ಕೂತರೆ ಆರಾಮ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹೋಗುತ್ತದೆ.

ಎರಡನೆಯದು ರುಮಟಾಯ್ಡ್. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ. ಎರಡೂ ಕೈಗಳ ಸಣ್ಣ ಗಂಟುಗಳು ಒಟ್ಟಿಗೆ ಊದಿಕೊಳ್ಳುತ್ತವೆ. ಬಿಗಿತ ಒಂದು ಗಂಟೆ ಮೀರಿದರೂ ಬಿಡುವುದಿಲ್ಲ. ಇದಕ್ಕೆ ಬೇಗ ಔಷಧಿ ಶುರು ಮಾಡದಿದ್ದರೆ ಮೂಳೆಯೇ ತಿಂದುಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಅದರ ಹರಳು ಕೀಲಿನಲ್ಲಿ ಕೂತು, ಒಂದು ರಾತ್ರಿ ಇದ್ದಕ್ಕಿದ್ದಂತೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋದ ಹಾಗಾಗುತ್ತದೆ. ಬಿಸಿಲಲ್ಲಿ ಬೆವರಿ ನೀರು ಕಡಿಮೆ ಕುಡಿಯುವುದು, ಮಟನ್ ಲಿವರ್, ಬೂತಾಯಿ, ಬಿಯರ್, ಸಕ್ಕರೆಯ ತಂಪು ಪಾನೀಯ, ಎಲ್ಲವೂ ಇದಕ್ಕೆ ದಾರಿ.

ನಾಲ್ಕನೆಯದು ಚಿಕೂನ್‌ಗುನ್ಯಾ ಬಿಟ್ಟುಹೋದ ನೋವು. 2006ರಲ್ಲಿ ಕರ್ನಾಟಕದಲ್ಲಿ ಈ ಜ್ವರ ಹೇಗೆ ಹಬ್ಬಿತ್ತು ಎಂಬುದು ನಮ್ಮ ಹಿರಿಯರಿಗೆ ನೆನಪಿರಬಹುದು. ಜ್ವರ ವಾರದಲ್ಲಿ ಇಳಿದರೂ ಗಂಟು ನೋವು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ.

ನಾಲ್ಕಕ್ಕೂ ಔಷಧಿ ಬೇರೆ ಬೇರೆ. ಹಾಗಾಗಿ "ನನಗೆ ಗುಣ ಆಯ್ತು, ನೀನೂ ತಗೋ" ಅನ್ನುವ ಮಾತು ಎಷ್ಟೇ ಪ್ರೀತಿಯದ್ದಾದರೂ ಅಪಾಯದ್ದೇ.

ಅಡುಗೆಮನೆಯ ಕಷಾಯ ಎಷ್ಟು ಮಾಡುತ್ತದೆ?

ಶುಂಠಿ: ಮೊಣಕಾಲಿನ ಸವೆತದ ನೋವಿನ ಮೇಲೆ ಶುಂಠಿಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನೋವು ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೆಬ್ಬೆರಳಿನಷ್ಟು ಶುಂಠಿ ಜಜ್ಜಿ, ನಾಲ್ಕು ಕಾಳು ಮೆಣಸು ಹಾಕಿ, ಎರಡು ಲೋಟ ನೀರನ್ನು ಒಂದೂವರೆ ಲೋಟಕ್ಕೆ ಕುದಿಸಿ ಕುಡಿಯಬಹುದು. ಎದೆಯುರಿ ಇರುವವರು ಖಾಲಿ ಹೊಟ್ಟೆಗೆ ಬೇಡ. ಶುಗರ್ ಇರುವವರು ಬೆಲ್ಲ ಹಾಕಬೇಡಿ. ಬೆಲ್ಲವೂ ಸಕ್ಕರೆಯೇ.

ಅರಶಿನ: ಅರಶಿನದ ಗುಣ ಇರುವುದು ಕರ್ಕ್ಯುಮಿನ್ ಎಂಬ ಅಂಶದಲ್ಲಿ. ಪುಡಿಯಲ್ಲಿ ಅದು ಸುಮಾರು ನೂರಕ್ಕೆ ಮೂರು ಪಾಲು. ಅಂದರೆ ಒಂದು ಚಮಚ ಪುಡಿಯಲ್ಲಿ ಸುಮಾರು 100 ಮಿಲಿಗ್ರಾಂ. ಗಂಟು ನೋವಿನ ಪರೀಕ್ಷೆಗಳಲ್ಲಿ ಕೊಟ್ಟದ್ದು ಸಾಮಾನ್ಯವಾಗಿ ದಿನಕ್ಕೆ 500 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಕುಡಿದದ್ದೂ ಮೈಗೆ ಹತ್ತುವುದು ಬಹಳ ಕಡಿಮೆ. ಇಲ್ಲಿ ನಮ್ಮ ಊರಿನದೇ ಒಂದು ಸಂಗತಿ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು, ಕಾಳುಮೆಣಸಿನ ಪೈಪರಿನ್ ಅಂಶ ಸೇರಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂದು ತೋರಿಸಿಕೊಟ್ಟರು. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ಅರಶಿನ ಮಾತ್ರೆಗಳಲ್ಲಿ ಮೆಣಸಿನ ಸತ್ವ ಇರುವುದು ಇದೇ ಕಾರಣಕ್ಕೆ.

ಆದರೆ ಜಾಸ್ತಿ ಸೇರಿದರೆ ಜಾಸ್ತಿ ಒಳ್ಳೆಯದು ಅಂತ ಅಲ್ಲ. ಇಂಥ ಮಾತ್ರೆ ತಿಂದ ಕೆಲವರಿಗೆ ಲಿವರ್ ಕೆಟ್ಟ ಪ್ರಕರಣಗಳು ಬಂದು, 2023ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆಗುವುದು ಅಪರೂಪ. ಆದರೂ ಮಾತ್ರೆ ತೆಗೆದುಕೊಳ್ಳುವಾಗ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ ಅವತ್ತೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಸಾರಿಗೆ, ಹಾಲಿಗೆ ಹಾಕುವ ಅರಶಿನಕ್ಕೆ ಈ ಭಯ ಬೇಡ.

ಲುಬಾನ್: ಒಮಾನ್ ಕಡೆ ಇರುವವರಿಗೆ ಗೊತ್ತಿರುತ್ತದೆ, ಅಲ್ಲಿಯವರು ಲುಬಾನ್ ಅಂಟನ್ನು ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಕುಡಿಯುತ್ತಾರೆ. ನಮ್ಮ ಆಯುರ್ವೇದದ ಶಲ್ಲಕಿ ಇದೇ ಕುಟುಂಬದ ಮರ. ಮೊಣಕಾಲು ನೋವಿಗೆ ಶಲ್ಲಕಿಯ ಸತ್ವ ಸ್ವಲ್ಪ ಉಪಕಾರ ಮಾಡಿದ್ದನ್ನು ಸಣ್ಣ ಸಣ್ಣ ಪರೀಕ್ಷೆಗಳು ತೋರಿಸಿವೆ. ಆದರೆ ಧೋಫಾರಿನ ಲುಬಾನ್ ಮರದ ಜಾತಿ ಬೇರೆ. ಅದಕ್ಕೆ ಮಾಡಿದ ಪರೀಕ್ಷೆ ಇದಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಅಮೃತಬಳ್ಳಿ: ಇದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ ಎಂದೇ ಹೆಸರು. ರುಮಟಾಯ್ಡ್‌ನಲ್ಲಿ ತೊಂದರೆ ಕೊಡುತ್ತಿರುವುದೇ ಆ ಶಕ್ತಿ! ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ತೊಂದರೆ ಕಂಡಿತೆಂದು ಮುಂಬೈಯ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ರುಮಟಾಯ್ಡ್ ಇರುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯದಿರುವುದೇ ಕ್ಷೇಮ.

ಗ್ರೀನ್ ಟೀ: ಗಂಟಿಗೆ ಒಳ್ಳೆಯದೆಂದು ಲ್ಯಾಬಿನಲ್ಲಿ ಕಂಡದ್ದು ಹೆಚ್ಚು, ಮನುಷ್ಯರಲ್ಲಿ ಕಂಡದ್ದು ಕಡಿಮೆ. ಆದರೆ ದಿನಕ್ಕೆ ನಾಲ್ಕು ಕರಕ್ ಚಾ ಕುಡಿಯುವವರು ಎರಡನ್ನು ಬಿಟ್ಟು ಸಕ್ಕರೆಯಿಲ್ಲದ ಗ್ರೀನ್ ಟೀ ಕುಡಿದರೆ ತೂಕಕ್ಕಾದರೂ ಲಾಭ.

ಫಾರ್ಮಸಿಯ ಡಬ್ಬಿಗಳು

ಗ್ಲೂಕೋಸಮಿನ್‌ಗೆ ನಮ್ಮವರು ಸುರಿಯುವ ದುಡ್ಡು ಕಡಿಮೆಯಲ್ಲ. ಅಮೆರಿಕ ಸರ್ಕಾರದ ನೆರವಿನಲ್ಲಿ 1,583 ಮೊಣಕಾಲು ನೋವಿನ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 2006ರಲ್ಲಿ ಬಂತು. ಗ್ಲೂಕೋಸಮಿನ್, ಕಾಂಡ್ರಾಯ್ಟಿನ್ ಎರಡೂ ಒಟ್ಟಾರೆಯಾಗಿ ಸುಳ್ಳು ಮಾತ್ರೆಗಿಂತ ಹೆಚ್ಚಿನ ಕೆಲಸ ಮಾಡಲಿಲ್ಲ. ಸಾಮಾನ್ಯವಾಗಿ ಇದನ್ನು ಸಿಗಡಿ, ಏಡಿಯ ಚಿಪ್ಪಿನಿಂದ ಮಾಡುತ್ತಾರೆ. ಸಸ್ಯಾಹಾರಿಗಳು ಮತ್ತು ಸಿಗಡಿ ಅಲರ್ಜಿ ಇರುವವರು ಡಬ್ಬಿಯ ಹಿಂಬದಿ ಓದಿ.

ಮೀನೆಣ್ಣೆ ರುಮಟಾಯ್ಡ್ ನೋವನ್ನು ಸ್ವಲ್ಪ ತಗ್ಗಿಸಬಹುದು. ಆದರೆ ಅದು ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ.

ವಿಟಮಿನ್ ಡಿ ವಿಷಯ ಬೇರೆ. ಇಷ್ಟು ಬಿಸಿಲಿನ ನಾಡಿನಲ್ಲಿದ್ದರೂ ಎಸಿ ಒಳಗೆ, ನೈಟ್ ಶಿಫ್ಟ್‌ನಲ್ಲಿ ಇರುವವರಿಗೆ ಇದರ ಕೊರತೆ ಬಹಳ ಸಾಮಾನ್ಯ. ಮೈ ಕೈ, ಮೂಳೆ ನೋವಿಗೆ ಅದೇ ಕಾರಣವಾಗಿರಬಹುದು. ರಕ್ತ ಪರೀಕ್ಷೆ ಮಾಡಿಸಿ ತೆಗೆದುಕೊಳ್ಳಿ. ಊರಿಂದ ತರುವ 60,000 ಯೂನಿಟ್‌ನ ಪ್ಯಾಕೆಟ್ ಸಾಮಾನ್ಯವಾಗಿ ವಾರಕ್ಕೊಂದು, ಅದೂ ವೈದ್ಯರು ಹೇಳಿದಷ್ಟು ವಾರ ಮಾತ್ರ. ದಿನಾ ಒಂದು ತಿಂದರೆ ವಿಷವಾಗುತ್ತದೆ.

ಇವರು ವಿಶೇಷ ಹುಷಾರಾಗಿರಿ

- ರಕ್ತ ತೆಳುವಾಗಲು ವಾರ್ಫರಿನ್ ಮುಂತಾದ ಮಾತ್ರೆ ತೆಗೆದುಕೊಳ್ಳುವವರು: ಅರಶಿನ ಮಾತ್ರೆ, ಶುಂಠಿ ಮಾತ್ರೆ, ಮೀನೆಣ್ಣೆ, ಗ್ಲೂಕೋಸಮಿನ್ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು.
- ಬಿಪಿ ಇರುವವರು: ಕಷಾಯದ ಪುಡಿಗಳಲ್ಲಿ ಜ್ಯೇಷ್ಠಮಧು ಇರುವುದುಂಟು. ದಿನಾ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.
- ಥೈರಾಯ್ಡ್ ಇರುವವರು: ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಹೆಚ್ಚಿಸಬಹುದು.
- ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರು: ಈ ಔಷಧಿಯೇ ಲಿವರ್ ಮೇಲೆ ಭಾರ. ಅದರ ಮೇಲೆ ಇನ್ನೊಂದು ಪುಡಿ ಬೇಡ, ಕುಡಿತವೂ ಬೇಡ. ನೆನಪಿಡಿ, ಗಂಟು ನೋವಿಗೆ ಇದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧಿ. ದಿನಾ ತೆಗೆದುಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ.

ಹೆಸರಿಲ್ಲದ ಪುಡಿ

ಈಗ ನಮ್ಮ ಅಣ್ಣನ ಕಥೆಗೆ ಬರೋಣ. ಎಂಟು ತಿಂಗಳಲ್ಲಿ ಅವರ ಮುಖ ದುಂಡಗಾಗಿತ್ತು. "ಊರಿನ ಔಷಧಿ ಮೈಗೆ ಹಿಡಿದಿದೆ, ಒಳ್ಳೆ ಕಳೆ ಬಂದಿದೆ" ಎಂದು ನಾವೇ ಹೊಗಳಿದ್ದೆವು. ಆಮೇಲೆ ಪುಡಿ ಮುಗಿಯಿತು. ತರಬೇಕಿದ್ದವರ ರಜೆ ಮುಂದಕ್ಕೆ ಹೋಯಿತು. ನಾಲ್ಕನೇ ದಿನಕ್ಕೆ ವಾಂತಿ, ಎದ್ದು ನಿಲ್ಲಲಾಗದ ಸುಸ್ತು. ಸೈಟ್‌ನಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ಪಾತಾಳಕ್ಕಿಳಿದಿತ್ತು. ಏನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದರೆ, "ಏನೂ ಇಲ್ಲ" ಅಂದರು. ಪುಡಿಯನ್ನು ಅವರು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಖಾಲಿ ಪ್ಯಾಕೆಟ್ ತೋರಿಸಿದ್ದು ನಾನು.

ರಕ್ತ ಪರೀಕ್ಷೆಯಲ್ಲಿ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಹೆಚ್ಚುಕಡಿಮೆ ನಿಂತೇ ಹೋಗಿದ್ದು ಗೊತ್ತಾಯಿತು. ಹೊರಗಿನಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೋದರೆ ದೇಹ ತನ್ನದನ್ನು ಮಾಡುವುದು ನಿಲ್ಲಿಸುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಆ ಪುಡಿಗೆ ಯಾರೋ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂದರು ಡಾಕ್ಟರು. ನಾಲ್ಕೇ ದಿನಕ್ಕೆ ನೋವು ಮಾಯವಾದ ಗುಟ್ಟು ಅದು. ಒಳಗೆ ಇದ್ದದ್ದು ರುಮಟಾಯ್ಡ್. ನೋವು ಮುಚ್ಚಿಕೊಂಡಿತ್ತು, ಕಾಯಿಲೆ ತನ್ನ ಕೆಲಸ ಮಾಡುತ್ತಲೇ ಇತ್ತು. ಎಕ್ಸ್‌ರೇಯಲ್ಲಿ ಎಡಗೈಯ ಎರಡು ಗಂಟುಗಳ ಮೂಳೆ ಸವೆದುಹೋಗಿತ್ತು.

ಇದು ನಮ್ಮ ಊರಿನ ಪುಡಿಯದೊಂದೇ ಕಥೆ ಅಲ್ಲ. 2022ರಲ್ಲಿ ಅಮೆರಿಕದ ಎಫ್‌ಡಿಎ, ಗಂಟು ನೋವಿಗೆ ಗಿಡಮೂಲಿಕೆಯದ್ದೆಂದು ಮಾರುತ್ತಿದ್ದ ಆರ್ಟ್ರಿ ಕಿಂಗ್ ಮಾತ್ರೆಯಲ್ಲಿ ಚೀಟಿಯಲ್ಲಿ ಬರೆಯದ ಡೆಕ್ಸಾಮೆಥಸೋನ್ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಇದೆ ಎಂದು ಎಚ್ಚರಿಸಿತ್ತು. ಭಾರ ಲೋಹದ ಭಯವೂ ಇದೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಸ್ಟನ್ ಸುತ್ತಿನ ದಕ್ಷಿಣ ಏಷ್ಯಾ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಇದರರ್ಥ ಆಯುರ್ವೇದವೇ ಸುಳ್ಳು ಅಂತಲ್ಲ. ಲೈಸೆನ್ಸ್ ಇರುವ ಆಯುರ್ವೇದ ವೈದ್ಯರು ಯುಎಇಯಲ್ಲೂ ಇದ್ದಾರೆ, ಅವರ ಹತ್ತಿರ ಹೋಗಿ. ತಯಾರಕರ ಹೆಸರು, ಬ್ಯಾಚ್ ನಂಬರ್, ಅದರಲ್ಲಿ ಏನೇನಿದೆ ಎಂಬ ಪಟ್ಟಿ, ಇವು ಮೂರೂ ಇಲ್ಲದ ಪ್ಯಾಕೆಟ್ ಯಾರೇ ಕೊಟ್ಟರೂ ಬೇಡ. ವಾರದೊಳಗೆ ನೋವು ಪೂರ್ತಿ ಮಾಯ ಮಾಡುವ ಪುಡಿ ಎಂದರೆ ಅನುಮಾನ ಪಡಿ. ಈಗಾಗಲೇ ಅಂಥದ್ದನ್ನು ತಿಂಗಳುಗಟ್ಟಲೆ ಕುಡಿಯುತ್ತಿದ್ದರೆ ಇದನ್ನು ಓದಿ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಪ್ಯಾಕೆಟ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಕಾರ್ಟನ್ ಕಟ್ಟುವವರಿಗೂ ಒಂದು ಮಾತು. ಬೇರೆಯವರ ಪುಡಿ, ಮಾತ್ರೆಯನ್ನು ಚೀಟಿಯಿಲ್ಲದೆ ತರಬೇಡಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳಿಗೆ ಯುಎಇಯಲ್ಲಿ ಸರ್ಕಾರದ ಅನುಮತಿ ಮೊದಲೇ ಬೇಕು. ಪಾಯಸದ ಗಸಗಸೆಯೂ ಇಲ್ಲಿ ನಿಷಿದ್ಧ.

ಖರ್ಚಿಲ್ಲದ ಉಪಾಯಗಳು

ಮೊಣಕಾಲಿನ ಸವೆತಕ್ಕೆ ಯಾವ ಕಷಾಯಕ್ಕಿಂತಲೂ ಹೆಚ್ಚು ಉಪಕಾರ ಮಾಡುವುದು ತೊಡೆಯ ಮುಂಭಾಗದ ಸ್ನಾಯು ಬಲಪಡಿಸುವ ವ್ಯಾಯಾಮ. ಮಂಚದ ಮೇಲೆ ಕೂತು ಒಂದೊಂದೇ ಕಾಲನ್ನು ನೇರ ಮಾಡಿ ಐದು ಎಣಿಸಿ ಇಳಿಸಿ. ಹತ್ತು ಸಲ, ದಿನಕ್ಕೆರಡು ಹೊತ್ತು. ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮಂಡಿಯೂರಿ ಕೆಲಸ ಮಾಡುವವರು ನೀ ಪ್ಯಾಡ್ ಕೇಳಿ ಹಾಕಿಕೊಳ್ಳಿ. ಬಿಗಿತಕ್ಕೆ ಬಿಸಿನೀರಿನ ಶಾಖ, ಊದಿದ ಗಂಟಿಗೆ ಬಟ್ಟೆಯಲ್ಲಿ ಸುತ್ತಿದ ಐಸ್.

2025ರ ಜನವರಿ 1ರಿಂದ ಯುಎಇಯ ಏಳೂ ಎಮಿರೇಟ್‌ಗಳಲ್ಲಿ ಖಾಸಗಿ ಕಂಪನಿ ನೌಕರರಿಗೆ ವೈದ್ಯಕೀಯ ವಿಮೆ ಕಡ್ಡಾಯ. ನಿಮ್ಮ ಕಾರ್ಡಿಗೆ ಯಾವ ಕ್ಲಿನಿಕ್ ಬರುತ್ತದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ, ಗಂಟು ಊದಿ ಆರು ವಾರವಾದರೆ ಕಾಯಬೇಡಿ. ಗಂಟು ಕೆಂಪಾಗಿ ಜ್ವರವೂ ಬಂದರೆ ಅವತ್ತೇ ಹೋಗಿ.

ನಮ್ಮ ಅಣ್ಣ ಕಂಪನಿ ಬಿಡಬೇಕಾಗಿ ಬರಲಿಲ್ಲ. ಈಗ ಅದೇ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಾರೆ, ಓವರ್‌ಟೈಮ್ ಇಲ್ಲ, ಸಂಬಳ ಮೊದಲಿಗಿಂತ ಕಡಿಮೆ. ಶುಕ್ರವಾರ ರಾತ್ರಿ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಎಡಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಡಾಕ್ಟರನ್ನು ಕೇಳಿಯೇ ಸಂಜೆ ಶುಂಠಿ ಕಷಾಯ ಕುದಿಸುತ್ತಾರೆ, ರೂಮಿನ ಆರೂ ಜನಕ್ಕೆ. ಯಾರಾದರೂ ಊರಿಂದ ಬಂದು ಕಾರ್ಟನ್ ಬಿಚ್ಚಿದರೆ ಮೊದಲು ಕೈ ಹಾಕುವವರು ಅವರೇ. ಹಪ್ಪಳಕ್ಕಲ್ಲ, ಚೀಟಿಯಿಲ್ಲದ ಪ್ಯಾಕೆಟ್ ಇದೆಯಾ ಎಂದು ನೋಡುವುದಕ್ಕೆ.