ಗಾಜಿನ ಮನೆಯ ಅನಾನಸು

ಅಟ್ಲಾಂಟಿಕ್ ಸಾಗರದ ನಡುವೆ, ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಸಮೂಹವಿದೆ. ಅದರಲ್ಲಿ ದೊಡ್ಡದಾದ ಸಾವೊ ಮಿಗೆಲ್ ದ್ವೀಪದವರು ಒಂದು ಕಾಲದಲ್ಲಿ ಇಂಗ್ಲೆಂಡಿಗೆ ಕಿತ್ತಳೆಯನ್ನು ಕಳುಹಿಸಿ ಬಾಳುತ್ತಿದ್ದರು. 19ನೆಯ ಶತಮಾನದಲ್ಲಿ ರೋಗ ತಗುಲಿ ಆ ತೋಟಗಳು ಹಾಳಾದುವು. ಬೇರೆ ಬೆಳೆಯನ್ನು ಹುಡುಕದೆ ಗತ್ಯಂತರವಿರಲಿಲ್ಲ. ಅವರು ಅನಾನಸನ್ನು ಆರಿಸಿಕೊಂಡರು. ಆದರೆ ಉಷ್ಣವಲಯದ ಈ ಗಿಡಕ್ಕೆ ದ್ವೀಪದ ತಂಪು ಹವೆ ಒಗ್ಗದು. ಆದುದರಿಂದ ಗಾಜಿನ ಮನೆಗಳನ್ನು ಕಟ್ಟಿದರು.

ಇಂಗ್ಲೆಂಡಿನ ಸಿರಿವಂತರಂತೆ ಕಲ್ಲಿದ್ದಲನ್ನು ಉರಿಸಿದ್ದರೆ ಲಾಭವೆಲ್ಲ ಒಲೆಯ ಪಾಲಾಗುತ್ತಿತ್ತು. ಇಲ್ಲಿ ಬಿಸಿಲಿನ ಶಾಖವನ್ನು ಗಾಜು ಹಿಡಿದಿಡುತ್ತದೆ. ಪಾತಿಯಲ್ಲಿ ಹರಡಿದ ಸೊಪ್ಪುಸದೆಗಳು ಕೊಳೆಯುತ್ತ ಬೇರುಗಳಿಗೆ ಬಿಸಿಯನ್ನೂ ಸಾರವನ್ನೂ ಒದಗಿಸುತ್ತವೆ. ದ್ವೀಪದ ಕಾಡನ್ನು ಮುತ್ತಿರುವ, ಆಸ್ಟ್ರೇಲಿಯ ಮೂಲದ ಮರವೊಂದರ ರೆಂಬೆಗಳೂ ಈ ಕೆಲಸಕ್ಕೆ ಒದಗುತ್ತವೆ.

ಗಿಡಗಳು ಒಂದೊಂದು ಒಂದೊಂದು ಕಾಲಕ್ಕೆ ಹೂ ಬಿಟ್ಟರೆ ವ್ಯಾಪಾರ ಸಾಗದು. ಅದಕ್ಕಾಗಿ ಬೆಳೆಗಾರರು ಹಸಿ ಸೊಪ್ಪನ್ನು ಸುಟ್ಟು ಕೆಲವು ದಿನ ಮನೆಯೊಳಗೆ ಹೊಗೆ ತುಂಬುತ್ತಾರೆ. ಹೊಗೆಯಲ್ಲಿರುವ ಎಥಿಲೀನ್ ಅನಿಲದ ಪ್ರಭಾವದಿಂದ ಗಿಡಗಳೆಲ್ಲ ಒಟ್ಟಿಗೆ ಹೂ ತಳೆಯುತ್ತವೆ. ನಮ್ಮ ಹಳ್ಳಿಗಳಲ್ಲಿ ಬಾಳೆಗೊನೆಗೆ ಹೊಗೆಯಿಟ್ಟು ಹಣ್ಣು ಮಾಡುವುದನ್ನು ನೀವು ಕಂಡಿರಬಹುದು; ಅಲ್ಲಿಯೂ ಇದೇ ಅನಿಲದ ಕೆಲಸ.

ನೆಟ್ಟ ಗಿಡ ಫಲ ಕೊಡಲು ಸುಮಾರು ಎರಡು ವರ್ಷ ಬೇಕು. ಬಯಲಿನಲ್ಲಿ ಬೆಳೆದ ಅಗ್ಗದ ಹಣ್ಣಿನೊಡನೆ ಇದು ಬೆಲೆಯಲ್ಲಿ ಸೆಣಸಲಾರದು. ಇದರ ಕಂಪನ್ನೂ ರುಚಿಯನ್ನೂ ಮೆಚ್ಚಿ ಹೆಚ್ಚು ಹಣ ತೆರುವವರು ಇರುವುದರಿಂದಲೇ ಈ ಕೃಷಿ ಇಂದಿಗೂ ಉಳಿದಿದೆ.