ನಂಬಿಕೆಗೆ ಸಾಕ್ಷಿ ಕೇಳುವವರು

ದಲಿತನೊಬ್ಬ ಕ್ರೈಸ್ತನಾದ ಕೂಡಲೇ ಪ್ರಶ್ನೆ ಏಳುತ್ತದೆ: ನಿಜವಾಗ್ಲೂ ನಂಬಿದಾನೋ, ಇಲ್ಲಾ ಹೊಟ್ಟೆಪಾಡಿಗೆ ಹೋದನೋ? ಹುಟ್ಟಿದ ಮತದಲ್ಲೇ ಉಳಿದವರನ್ನು ಯಾರೂ ಹೀಗೆ ಕೇಳುವುದಿಲ್ಲ. ನಂಬಿಕೆ ಅನ್ನೋದು ಒಬ್ಬೊಬ್ಬರ ಅಂತರಂಗದ ವಿಷಯ, ಅದಕ್ಕೂ ಕೇರಿಗೂ ಸಂಬಂಧವಿಲ್ಲ ಎಂಬ ಗ್ರಹಿಕೆ ಈ ಪ್ರಶ್ನೆಯ ಹಿಂದಿದೆ. ದಲಿತರ ಚರಿತ್ರೆ ಬೇರೆಯದೇ ಹೇಳುತ್ತದೆ.

1873ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟಿನ ಮಿಷನರಿಯ ಬಳಿಗೆ ದಿತ್ ಎಂಬ ಚುಹ್ರಾ ಜಾತಿಯವನು ಬಂದು ದೀಕ್ಷಾಸ್ನಾನ ಕೇಳಿದ. ತೊಗಲಿನ ವ್ಯಾಪಾರ ಮಾಡುತ್ತಿದ್ದವನು, ಕಾಲು ಊನವಾಗಿತ್ತು. ಮಿಷನರಿ ಅನುಮಾನಿಸುತ್ತಲೇ ಕೊಟ್ಟರು. ಇಲ್ಲೇ ಇದ್ದು ಕಲಿತುಕೋ ಅಂದರೆ ದಿತ್ ಕೇಳಲಿಲ್ಲ, ತನ್ನ ಹಳ್ಳಿಗೇ ವಾಪಸು ಹೊರಟ. ನೆಂಟರಿಷ್ಟರ ವಿರೋಧ ಎದುರಿಸಿದ. ಕೆಲವೇ ತಿಂಗಳಲ್ಲಿ ಹೆಂಡತಿ, ಮಗಳು, ನೆರೆಯವರಿಬ್ಬರನ್ನು ಕರೆದುಕೊಂಡು ಬಂದ. ಮುಂದಿನ ನಾಲ್ಕೈದು ದಶಕಗಳಲ್ಲಿ ಆ ಸೀಮೆಯ ಚುಹ್ರಾಗಳ ಬಹುಪಾಲು ಕ್ರೈಸ್ತರಾದರು. ಇವನದು ಸ್ವಂತ ನಂಬಿಕೆಯೋ, ಸಮುದಾಯದ್ದೋ? ಎರಡನ್ನೂ ಬಿಡಿಸಿ ನೋಡಲಾಗದು. ತಾನೊಬ್ಬನೇ ಪಾರಾಗುವ ಬಿಡುಗಡೆ ಅವನಿಗೆ ಬೇಕಿರಲಿಲ್ಲ.

ನಮ್ಮ ಕಾನೂನಿಗೆ ಈ ಗಂಟು ಅರ್ಥವಾಗಿಲ್ಲ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಿತು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈಗೆ, ಹಿಂದೂ ಚಮ್ಮಾರರಿಗೆ ಕೊಟ್ಟ ಸರ್ಕಾರಿ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಮತಾಂತರದ ನಂತರವೂ ಜಾತಿ ಉಳಿದಿದೆ ಅಂದರೆ ಸಾಲದು, ಅದರ ಬಾಧೆ ಕ್ರೈಸ್ತ ಸಮಾಜದಲ್ಲೂ ಅಷ್ಟೇ ಘೋರವಾಗಿದೆ ಎಂದು ತೋರಿಸಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ಹೊಲಿಗೆ, ಅದೇ ಬೀದಿ. ದೇವರು ಬದಲಾದದ್ದಕ್ಕೆ ಜಾತಿ ಹೋಯಿತಂತೆ!

ಹೋಗಲಿಲ್ಲ ಎನ್ನುವುದಕ್ಕೆ ಚರ್ಚೇ ಸಾಕ್ಷಿ. ತಿರುಚಿರಾಪಳ್ಳಿಯ ಮೇಲಪುದೂರಿನ ಕೆಥೋಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಲು ಗೋಡೆ ಕಟ್ಟಿದ್ದರು. 2010ರಲ್ಲಿ ಪೆರಿಯಾರ್‌ವಾದಿ ಕಾರ್ಯಕರ್ತರು ಅದನ್ನು ಒಡೆಯಲು ಮುಂದಾದರು.

ಹಾಗಾದರೆ ಈ ನಂಬಿಕೆ ಸೋತಿತೇ? ಇಲ್ಲಿ ಅರವಿಂದ ನಿರ್ಮಲ್ ನೆನಪಾಗುತ್ತಾರೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ಅವರು ದಲಿತ ದೇವಶಾಸ್ತ್ರಕ್ಕೆ ದಾರಿ ತೆರೆದರು. ಭಾರತೀಯ ಕ್ರೈಸ್ತ ಚಿಂತನೆ ವೇದಾಂತದ ಹಿಂದೆ ಹೋಗಿ ಚರ್ಚಿನ ಬಹುಸಂಖ್ಯಾತ ದಲಿತರನ್ನು ಮರೆತಿದೆ ಎನ್ನುವುದು ಅವರ ತಕರಾರು. ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ ಇಸ್ರಾಯೇಲ್ಯರು ದೇವರೆದುರು ನಿಂತು ಮೊದಲು ಹೇಳುವುದು ತಮ್ಮ ಪೂರ್ವಿಕರ ಅಲೆದಾಟವನ್ನು, ಜೀತವನ್ನು. ದಲಿತ ಕ್ರೈಸ್ತನ ವಿಶ್ವಾಸಪ್ರಮಾಣವೂ ಹಾಗೆಯೇ ತನ್ನ ಅಜ್ಜನ ಅವಮಾನದಿಂದ ಶುರುವಾಗಬೇಕು ಎಂದರು ನಿರ್ಮಲ್. ಅಂದರೆ ನಂಬುವುದಕ್ಕೆ ಕೇರಿಯನ್ನು ಮರೆಯಬೇಕಿಲ್ಲ. ಆ ನೆನಪಿನ ಬಲದಿಂದಲೇ ಚರ್ಚನ್ನೂ ಪ್ರಶ್ನಿಸಬಹುದು.

ದಲಿತ ವಿಮರ್ಶೆ ಮತಾಂತರದ ಕತೆಗಳನ್ನು, ಆತ್ಮಕಥನಗಳನ್ನು ಓದುವಾಗ ಇದನ್ನು ಗಮನಿಸಬೇಕು. 'ನಿಜವಾಗ್ಲೂ ನಂಬಿದಾನೋ' ಅನ್ನುವ ಮುಂಚೆ, ಹೀಗೆ ಕೇಳುವ ಅಧಿಕಾರ ನಮಗೆ ಕೊಟ್ಟವರಾರು ಅಂತ ಯೋಚಿಸೋಣ.