ಹೊಗೆ ಸರ್ಟಿಫಿಕೇಟ್ ಇತ್ತು, ಉಪ್ಪನ ಕೆಮ್ಮೂ ಇತ್ತು

‘ಗಾಡಿ ತರಬೇಕಂತ ಏನೂ ಇಲ್ಲ, ನಂಬರ್ ಪ್ಲೇಟಿನ ಫೋಟೋ ಕಳಿಸಿ, ಸಾಕು.’

ಈ ಮಾತು ಕೇಳಿ ನಾವು ಖುಷಿಪಟ್ಟದ್ದು ನಿಜ. ಅಣ್ಣ ಜುಬೈಲ್‌ಗೆ ಹೋಗುವಾಗ ಮನೆಗೆಂದು ಬಿಟ್ಟುಹೋದ 2009ರ ಡೀಸೆಲ್ ಕಾರು ನಮ್ಮದು. ಉಮ್ಮನನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ, ಮನೆಯವರನ್ನು ಮದುವೆಗೆ ಕರೆದೊಯ್ಯಲು ಅದೇ ಗಾಡಿ. ಆರು ತಿಂಗಳಿಗೊಮ್ಮೆ ಫೋಟೋ ಕಳಿಸುವುದು, ಹಣ ಹಾಕುವುದು, ಎಮಿಷನ್ ಸರ್ಟಿಫಿಕೇಟ್ ಮೊಬೈಲಿಗೆ ಬರುವುದು. ಚೆಕ್ಕಿಂಗಿನಲ್ಲಿ ತೋರಿಸಿದರೆ ಕೆಲಸ ಮುಗಿಯಿತು.

ಮುಗಿಯದ್ದು ಉಪ್ಪನ ಕೆಮ್ಮು. ಅವರಿಗೆ ಮೊದಲೇ ದಮ್ಮಿನ ತೊಂದರೆ. ಬೆಳಗ್ಗೆ ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿದರೆ ಸಾಕು, ಜಗಲಿಯಲ್ಲಿ ಕೂತವರು ಟವೆಲ್ ಮೂಗಿಗೆ ಹಿಡಿದು ಒಳಗೆ ಎದ್ದು ಹೋಗುತ್ತಿದ್ದರು. ರಜೆಯಲ್ಲಿ ಬಂದ ಅಣ್ಣ ಇದನ್ನು ನೋಡಿ, ‘ಸೌದಿಯಲ್ಲಿ ಫಹಸ್ ಪಾಸಾಗದೆ ಇಸ್ತಿಮಾರ ರಿನ್ಯೂ ಆಗುವುದಿಲ್ಲ. ಅಲ್ಲಿ ಗಾಡಿ ತೆಗೆದುಕೊಂಡು ಹೋಗಿ ಲೈನಲ್ಲಿ ನಿಲ್ಲುತ್ತೇವೆ. ಇಲ್ಲಿ ನಮ್ಮ ಉಪ್ಪನ ಮೂಗಿಗೆ ಬಿಡುವ ಹೊಗೆಗೆ ಫೋಟೋ ಸಾಕಾ?’ ಎಂದು ಕೇಳಿದ. ನಮ್ಮಲ್ಲಿ ಉತ್ತರ ಇರಲಿಲ್ಲ.

ಮರುದಿನ ಬೇರೊಂದು ಕೇಂದ್ರಕ್ಕೆ ಕಾರನ್ನೇ ಕೊಂಡುಹೋದೆವು. ಡೀಸೆಲ್ ಗಾಡಿಯಾದರೆ ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್, ಬಿಎಸ್-4ಕ್ಕೆ 50. ನಮ್ಮದು 80 ದಾಟಿತು, ಫೇಲ್! ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ತೆಗೆದರೆ ಧೂಳು ಕಟ್ಟಿ ಕಪ್ಪಾಗಿತ್ತು. ಅದನ್ನು ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿದ ಮೇಲೆ ಪಾಸಾಯಿತು. ಗಾಳಿ ಸರಿಯಾಗಿ ಸಿಗದಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉರಿಯದ್ದು ಕಪ್ಪು ಹೊಗೆಯಾಗಿ ಹೊರಬರುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ಹಾಕಿಸಿದ ಎಣ್ಣೆಯೇ ಉಪ್ಪನ ಎದೆಗೆ ಹೋಗುತ್ತಿತ್ತು.

ಈ ಓಡಾಟದಲ್ಲಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹೇಳಿಬಿಡುತ್ತೇವೆ.

ಹೊಸ ಗಾಡಿಗೆ ನೋಂದಣಿಯಾದ ದಿನದಿಂದ ಒಂದು ವರ್ಷ ಟೆಸ್ಟ್ ಬೇಡ. ಆಮೇಲೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಅದಕ್ಕಿಂತ ಹಳೆಯದಕ್ಕೆ ಆರೇ ತಿಂಗಳು. ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತಾರೆ. ಸಿಎನ್‌ಜಿ ಆಟೋಗೂ ಟೆಸ್ಟ್ ಬೇಕು, ಬ್ಯಾಟರಿ ಗಾಡಿಗೆ ಬೇಡ.

2019ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಇದಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಎಂದಿದೆ. ಲೈಸೆನ್ಸ್‌ಗೂ ಮೂರು ತಿಂಗಳು ಕುತ್ತು. ಮೀನಿನ ಟೆಂಪೋ ಓಡಿಸಿ ಬದುಕುವವರಿಗೆ ಅದು ಮೂರು ತಿಂಗಳ ಅನ್ನ. ‘ಎಮಿಷನ್ ಇಲ್ಲದಿದ್ದರೆ ಇನ್ಶೂರೆನ್ಸ್ ಕ್ಲೇಮ್ ಸಿಗುವುದಿಲ್ಲ’ ಎಂದು ಹೆದರಿಸುವವರೂ ಇದ್ದಾರೆ. ಅದೊಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಸ್ಪಷ್ಟಪಡಿಸಿದೆ.

2021ರಿಂದ ದೇಶಕ್ಕೆಲ್ಲ ಕ್ಯೂಆರ್ ಕೋಡ್ ಇರುವ ಒಂದೇ ಮಾದರಿಯ ಸರ್ಟಿಫಿಕೇಟ್. ಮಾಲಕರ ಮೊಬೈಲ್ ನಂಬರ್ ಕಡ್ಡಾಯ, ಮೆಸೇಜ್ ಬರುವುದು ಅದಕ್ಕೇ. ಗಲ್ಫ್‌ನಲ್ಲಿರುವವರ ಹೆಸರಿನ ಗಾಡಿಗಳಲ್ಲಿ ಯಾವುದೋ ಕಾಲದ, ಈಗ ಬಂದ್ ಆದ ನಂಬರ್ ಇರುವುದುಂಟು. ಮನೆಯವರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಫೇಲ್ ಆದರೆ ಕಾರಣ ಬರೆದ ಚೀಟಿ ಕೊಡಬೇಕೆಂದೂ ನಿಯಮ ಉಂಟು. ಕೇಳಿ ತೆಗೆದುಕೊಳ್ಳಿ, ಮೆಕ್ಯಾನಿಕ್‌ಗೆ ತೋರಿಸಲು ಬೇಕಾಗುತ್ತದೆ.

ಉಪ್ಪನ ದಮ್ಮು ಗುಣವಾಯಿತು ಎಂದು ನಾವು ಹೇಳುವುದಿಲ್ಲ. ಆದರೆ ಈಗ ಕಾರು ಸ್ಟಾರ್ಟ್ ಮಾಡಿದಾಗ ಅವರು ಜಗಲಿಯಿಂದ ಏಳುವುದಿಲ್ಲ. ಫೋಟೋ ಕೇಳಿ ಮೆಸೇಜ್ ಈಗಲೂ ಬರುತ್ತದೆ. ನಾವು ಗಾಡಿಯನ್ನೇ ಕೊಂಡುಹೋಗುತ್ತೇವೆ.